ಕಡೀಗೆ ಯಾರ ಪಾಳಿ?

“ಹೆಣ್ಣಮಕ್ಕಳಿಗೆ ಹಕ್ಕು ಬ್ಯಾಡ ಅಂತ ನಾ ಯಾವಾಗ ಹೇಳೀನ್ರೀ? ಬೇಕು. ಪಗಾರದಾಗ ಬೇಕು, ಪಂಚಾಯ್ತ್ಯಾಗ ಬೇಕು, ಬಸ್ಸಿನ ಸೀಟಿನಾಗ ಬೇಕು... ಕಂಠೆಪ್ಪಾ, ಕಿವಿ ಹಿಂದ ಸ್ವಲ್ಪ ನೋಡಿ ಆಡಸಪಾ ಕತ್ತಿ.”

ಹೀಗೆ ಹೇಳುತ್ತಿದ್ದವನು ಲಕ್ಷ್ಮಪ್ಪ. ನನ್ನ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಅರ್ಧ ಮುಖ ಬೋಳು, ಅರ್ಧ ಮುಖ ನೊರೆ ಮಾಡಿಕೊಂಡು ಕೂತಿದ್ದ. ಗಣಿ ಕೆಲಸಗಾರರ ಯೂನಿಯನ್ನಿನಲ್ಲಿ ನಮ್ಮ ಕಡೆಯವರಿಗೆಲ್ಲ ಅವನೇ ಬಾಯಿ. ಹಿಂದಿನ ವಾರ ಫೋಂಡಾದಲ್ಲಿ ನಡೆದ ಹೆಂಗಸರ ಸಭೆಯಲ್ಲಿ ಕನ್ನಡದವರ ಪರವಾಗಿ ಎರಡು ಮಾತಾಡಿ ಬಂದಿದ್ದ. ಆ ಎರಡು ಮಾತು ಈ ರವಿವಾರದ ಹೊತ್ತಿಗೆ ಉಬ್ಬಿ ದೊಡ್ಡ ಭಾಷಣವೇ ಆಗಿತ್ತು.

“ನಿನ್ನ ಹೇಣ್ತೀನ ಕರಕೊಂಡ ಹೋಗಿದ್ದಿಲ್ಲೇನು ಸಭಾಕ?” ಎಂದ ಬೆಂಚಿನ ಮೇಲಿದ್ದ ಬಾಲಪ್ಪ.

“ಆಕಿ ಬಂದ್ರ ಹುಡುಗ್ರಿಗೆ ರೊಟ್ಟಿ ಯಾರ ಬಡೀಬೇಕೋ?”

ಬೆಂಚು ಗೊಳ್ಳೆಂದು ನಕ್ಕಿತು. ಲಕ್ಷ್ಮಪ್ಪನೂ ನಗಲು ಹೋದ. ನಾನು ಕತ್ತಿ ಎತ್ತಿ ಹಿಡಿದೆ, ಇಲ್ಲದಿದ್ದರೆ ಕೆನ್ನೆ ಹೋಗುತ್ತಿತ್ತು.

ಕೊಂಕಣ ರೈಲಿನ ಹಳಿ ಇನ್ನೂ ಬೀಳುತ್ತಿದ್ದ ಕಾಲ ಅದು. ಗೋವೆಯ ಉಸಗಾಂವದ ತಿಸ್ಕಿನಲ್ಲಿ, ಅಂದರೆ ಮೂರು ದಾರಿ ಕೂಡುವಲ್ಲಿ, ಅದಿರಿನ ಟ್ರಕ್ಕುಗಳು ಹೊರಳುವ ರಸ್ತೆಗೆ ಮುಖ ಮಾಡಿ ನನ್ನ ಕಟಿಂಗ್ ಅಂಗಡಿ ಇತ್ತು. ಒಂದು ಕುರ್ಚಿ, ಒಂದು ಬೆಂಚು, ಗೋಡೆಯಗಲ ಒಂದು ಕನ್ನಡಿ. ಬೆಳಗ್ಗೆ ಒರೆಸಿದ ಕನ್ನಡಿ ಮಧ್ಯಾಹ್ನಕ್ಕೆ ಕೆಂಪಗಾಗುತ್ತಿತ್ತು. ಬೆಳಗಾವಿ ಬಸ್ಸಿನ ಮೇಲೆ ಬರುವ ಕನ್ನಡ ಪೇಪರು ಆ ತಿಸ್ಕಿನಲ್ಲಿ ಇಳಿಯುತ್ತಿದ್ದುದು ನನ್ನ ಅಂಗಡಿಯಲ್ಲಿ ಮಾತ್ರ. ಹೀಗಾಗಿ ದಾಡಿ ಬೆಳೆಯದಿದ್ದರೂ ನಮ್ಮವರು ಬರುತ್ತಿದ್ದರು.

ಅಂಗಡಿಗೆ ಕಾಯಿದೆ ಅಂತ ಇದ್ದದ್ದು ಒಂದೇ, ಪಾಳಿ. ಬಂದವನು ಒಳಗೆ ಕಾಲಿಟ್ಟು “ಕಡೀಗೆ ಯಾರ ಪಾಳಿ?” ಅಂತ ಕೇಳಬೇಕು. ಯಾರು ಕಡೆಯವನೋ ಅವನು “ನಂದು” ಅನ್ನಬೇಕು. ಅಷ್ಟಾದರೆ ಮುಗಿಯಿತು, ಅವನ ಹಿಂದೆ ಇವನು. ಒಮ್ಮೆ ಗಣಿಯ ಮುಕಾದಮನೇ ಜೀಪಿನಿಂದ ಇಳಿದು ಬಂದು ಸೀದಾ ಕುರ್ಚಿಗೆ ಹೋದಾಗ, ಬುಟ್ಟಿ ಹೊರುವ ಬಾಲಪ್ಪ “ಸಾಹೇಬ್ರ, ಪಾಳಿ ಐತ್ರಿ” ಅಂದಿದ್ದ. ಮುಕಾದಮ ಬೆಂಚಿನ ತುದಿಗೆ ಕೂತು ಕಾದ. ಈ ಕಥೆಯನ್ನು ನಮ್ಮವರು ಊರಿಗೆ ಹೋದಾಗಲೂ ಹೇಳಿಕೊಳ್ಳುತ್ತಿದ್ದರು. ಘಟ್ಟದ ಮೇಲಿನವರೆಂದು ಬೇರೆಲ್ಲ ಕಡೆ “ಏ ಘಾಟಿ” ಅನಿಸಿಕೊಳ್ಳುವ ಜನ ಇಲ್ಲಿ ಮಾತ್ರ ಮುಕಾದಮನನ್ನು ಕಾಯಿಸಿದ್ದರು.

ಆ ರವಿವಾರ ಲಕ್ಷ್ಮಪ್ಪ ಕುರ್ಚಿಯಲ್ಲಿ. ಅವನ ಹಿಂದೆ ಬಾಲಪ್ಪ. ಅವನ ಹಿಂದೆ ಮಕ್ತುಮಸಾಬ, ಟ್ರಕ್ಕಿನ ಟಯರು ಪಂಚರು ತಿದ್ದುವ ಮುದುಕ. ಪೇಪರನ್ನು ಮೂಗಿಗೆ ಹಚ್ಚಿಕೊಂಡು ಓದುತ್ತಿದ್ದ. ಆಗ ಬಾಗಿಲಿಗೆ ನೆರಳು ಬಿತ್ತು.

“ಕಡೀಗೆ ಯಾರ ಪಾಳಿ?”

“ನಂದು” ಎಂದ ಮಕ್ತುಮಸಾಬ, ಪೇಪರಿನಿಂದ ತಲೆ ಎತ್ತದೆ.

ಆಮೇಲೆ ತಲೆ ಎತ್ತಿದ. ನಾವೆಲ್ಲ ಅಷ್ಟರಲ್ಲಿ ನೋಡಿಯಾಗಿತ್ತು. ಬಾಗಿಲಲ್ಲಿ ಸುಂದರವ್ವ ನಿಂತಿದ್ದಳು, ಗಂಗಪ್ಪನ ಹೆಂಡತಿ. ಹಣೆಯಲ್ಲಿ ಕಾಸಿನಗಲ ಕುಂಕುಮ, ತಲೆ ತುಂಬ ಬಿಗಿದ ಸೆರಗು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಬೆಂಚಿನ ಈಚೆ ತುದಿಗೆ ಕೂತೇಬಿಟ್ಟಳು.

“ನಿಮ್ಮಾಂವ ಇನ್ನಾ ಬಂದಿಲ್ಲವ್ವಾ” ಎಂದೆ ನಾನು. ಗಂಡನನ್ನು ಹುಡುಕಿಕೊಂಡು ಬಂದಿರಬೇಕು ಅಂದುಕೊಂಡಿದ್ದೆ.

“ಗೊತ್ತೈತಿ. ಇನ್ನಾ ಮಲ್ಕೊಂಡಾನ.”

“ಮತ್ತ?”

“ಪಾಳಿ ಹಿಡದೇನಿ, ಕಂಠೆಪ್ಪಣ್ಣಾ. ಕೂದ್ಲಾ ಕತ್ತರಸ್ಬೇಕು.”

ಬಾಲಪ್ಪ ಮಕ್ತುಮಸಾಬನ ತೊಡೆ ಚಿವುಟಿದ. “ಯಾಕ ಹೇಳಿದ್ಯೋ ಚಾಚಾ, ನಂದು ಅಂತ?”

“ಕೇಳಿದ್ರು, ಹೇಳಿದ್ನಿ” ಎಂದ ಮಕ್ತುಮಸಾಬ. “ಇಷ್ಟ ವರ್ಷದಾಗ ಯಾರು ಕೇಳಿದ್ರು ಅಂತ ನೋಡಿ ಹೇಳೇನೇನು?”

ಹೇಳಿದ್ದು ಹೇಳಿಯಾಗಿತ್ತು. ನಮ್ಮ ಅಂಗಡಿಯಲ್ಲಿ ಅಂದ ಪಾಳಿ ಹಿಂದಕ್ಕೆ ಬರುವುದಿಲ್ಲ.

ಲಕ್ಷ್ಮಪ್ಪನ ಮುಖ ಒರೆಸಿ ಇಳಿಸಿದೆ. ಅವನು ಹೋಗಲಿಲ್ಲ. ಎದ್ದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಬಾಲಪ್ಪ ಕುರ್ಚಿಗೆ ಬಂದ, ಕನ್ನಡಿಯಲ್ಲಿ ಹಿಂದಿನ ಬೆಂಚನ್ನೇ ನೋಡುತ್ತ.

“ಯವ್ವಾ ಸುಂದರವ್ವಾ, ಇದು ಗಂಡಸರ ಅಂಗಡಿ” ಎಂದ ಲಕ್ಷ್ಮಪ್ಪ, ಸಭೆಯ ದನಿಯಲ್ಲಿ. “ಹೆಣ್ಣಮಕ್ಕಳಿಗೆ ಫೋಂಡಾದಾಗ ಪಾರ್ಲರ್ ಅದಾವು.”

“ಹೋಗಿದ್ನಿರಿ. ಬಾಗಲದಾಗ ನಿಂತ ಹುಡುಗಿ ನನ್ನ ಕಾಲ ನೋಡಿದ್ಲು, ಸೀರಿ ನೋಡಿದ್ಲು. ಭಾಯ್ರ್ ವಚ್, ಹೊರಗ ನಡಿ ಅಂದ್ಲು. ಕೆಂಪಮಣ್ಣ ಅವರ ಫರಸಿ ಮ್ಯಾಲ ಉದರತೈತಂತ.”

“ಹಂಗಾರ ಮನ್ಯಾಗ ಯಾರ ಕೈಲಾರ...”

“ಯಾರ ಕೈಲ್ರಿ? ಓಣ್ಯಾಗ ಒಬ್ಬಾಕಿ ಸೈತ ಕತ್ತರಿ ಮುಟ್ಟವಲ್ಲಳು. ಮುತ್ತೈದಿ ಕೂದ್ಲಾ ಕತ್ತರಿಸಿದ ಪಾಪ ನಮಗ ಬ್ಯಾಡ ಅಂತಾರ. ನಾನ ಕತ್ತರಿಸ್ಕೊಂಡ್ರ ಹುಚ್ಚ ಹಿಡದೈತಿ ಅಂತೀರಿ. ಕಂಠೆಪ್ಪಣ್ಣ ಕಸಬಿನಾಂವ. ಅವಂಗೆಂಥಾ ಪಾಪ?”

ನನ್ನ ಕೈ ಬಾಲಪ್ಪನ ಕೆನ್ನೆಯ ಮೇಲೆ ನಿಂತುಬಿಟ್ಟಿತು. ಆಕೆಗೇನು ಗೊತ್ತು.

ನಮ್ಮಪ್ಪ ಮುನವಳ್ಳಿಯಲ್ಲಿ ಹಡಪ ಹಿಡಿದು ಮನೆಮನೆಗೆ ಹೋಗುತ್ತಿದ್ದವನು. ಹಡಪವೆಂದರೆ ಕತ್ತಿ ಕತ್ತರಿಯ ಚರ್ಮದ ಚೀಲ. ಮುಂಬಾಗಿಲಿಗೆ ಹೋದರೆ ಗಂಡಸರ ಕ್ಷೌರ. ಹಿತ್ತಲ ಬಾಗಿಲಿಗೆ ಕರೆ ಬಂದರೆ ಅದು ಬೇರೆ. ಗಂಡ ಸತ್ತವಳನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿರುತ್ತಿದ್ದರು. ಅಪ್ಪ ತಲೆ ತಗ್ಗಿಸಿಕೊಂಡು ಹೋಗಿ, ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಆ ದಿನ ಅವ್ವ ಅವನಿಗೆ ಬಾಗಿಲಲ್ಲೇ ನೀರು ಸುರಿಯುತ್ತಿದ್ದಳು, ಅವನು ಉಣ್ಣುತ್ತಿರಲಿಲ್ಲ. ಕತ್ತರಿಯನ್ನು ನನ್ನ ಕೈಗೆ ಕೊಡುವಾಗ ಒಂದೇ ಮಾತು ಹೇಳಿದ್ದ: “ಹೆಣ್ಣಮಗಳ ತಲಿಗೆ ಮಾತ್ರ ಇದನ್ನ ಮುಟ್ಟಸಬ್ಯಾಡ.” ನಾನು ಮುಟ್ಟಿಸಿರಲಿಲ್ಲ. ಗೋವೆಗೆ ಬಂದ ಮೇಲಂತೂ ಆ ಮಾತೇ ಎದ್ದಿರಲಿಲ್ಲ.

“ಕೆರಿಯೋ ಮಾರಾಯಾ, ನೊರೆ ಒಣಗಾಕತ್ತೈತಿ” ಎಂದ ಬಾಲಪ್ಪ.

ಕೆರೆದೆ. ಕೈ ಓಡುತ್ತಿತ್ತು, ಮನಸ್ಸು ಓಡುತ್ತಿರಲಿಲ್ಲ. ಹೊರಗೆ ಟ್ರಕ್ಕುಗಳು ರವಿವಾರವೂ ನಿಂತಿರಲಿಲ್ಲ. ಒಂದೊಂದು ಹೊರಳಿದಾಗಲೂ ಕನ್ನಡಿ ಜುಮ್ಮೆನ್ನುತ್ತಿತ್ತು, ಕನ್ನಡಿಯೊಳಗಿನ ಸುಂದರವ್ವನೂ ಜುಮ್ಮೆನ್ನುತ್ತಿದ್ದಳು. ಆಕೆ ಸೆರಗಿನ ಮೇಲಿಂದಲೇ ತಲೆ ತುರಿಸಿಕೊಳ್ಳುತ್ತಿದ್ದಳು. ಒಂದೇ ಸಮನೆ. ನೋಡುತ್ತ ನೋಡುತ್ತ ಮಕ್ತುಮಸಾಬನೂ ತಲೆ ತುರಿಸಿಕೊಳ್ಳತೊಡಗಿದ.

“ಕತ್ತರಸೂ ಅಂಥಾದ್ದು ಏನಾಗೇತವ್ವಾ?” ಎಂದ ಆತ, ಸ್ವಲ್ಪ ಮೆತ್ತಗೆ.

“ನನ್ನ ತಲ್ಯಾಗ ಒಂದ ಗಣಿ ಆಗೇತಿ ಚಾಚಾ. ತೊಳದ್ರ ಕೆಂಪನೀರು, ಮತ್ತ ತೊಳದ್ರ ಮತ್ತ ಕೆಂಪನೀರು. ಟ್ಯಾಂಕರಿನ ಎರಡ ಕೊಡದಾಗ ತಲಿ ತೊಳೀಲೋ, ಅನ್ನಾ ಮಾಡ್ಲೋ? ಒಳಗ ಹುಣ್ಣಾಗಿ ಕೀವು ಆಡಾಕತ್ತೈತಿ. ಬುಟ್ಟಿ ಇಟ್ರ ಸಿಂಬಿ ಸರೀತೈತಿ ತುರುಬಿನ ಮ್ಯಾಲ, ಕುತ್ತಿಗಿ ಸೊಟ್ಟಾಗಿ ಹೋಗೇತಿ. ದವಾಖಾನ್ಯಾಗ ಡಾಕ್ಟರಬಾಯಿ ಔಷಧಾ ಕೊಟ್ಲು. ಕೂದ್ಲ ತಗಸಲಿಲ್ಲಂದ್ರ ಔಷಧಾ ಎಲ್ಲಿಗೆ ಹಚ್ತೀ ಅಂದ್ಲು. ಆಕೀದೂ ಮೋಟ ಕೂದ್ಲಾ. ಆಕಿ ಗಂಡ ಸ್ಕೂಟರ್ ಮ್ಯಾಲ ಗಟ್ಟಮುಟ್ಟ ಅಡ್ಡಾಡ್ತಾನ, ನಾ ನೋಡೇನಿ.”

“ಅವರು ಕಿರಿಸ್ತಾಂವ್ರು. ಅವರ ಮಾತು ಬ್ಯಾರೆ” ಎಂದ ಲಕ್ಷ್ಮಪ್ಪ.

“ಕಿರಿಸ್ತಾಂವರ ಹೇನಿಗೂ ನಮ್ಮ ಹೇನಿಗೂ ಏನ ಫರಕ್ರೀ?”

ಬಾಲಪ್ಪ ಪಕ್ಕನೆ ನಕ್ಕುಬಿಟ್ಟ. ಮರುಕ್ಷಣವೇ ಗಂಭೀರನಾದ. ಅವನಿಗೆ ಈ ನಗೆ ತನ್ನ ಪಕ್ಷಕ್ಕೆ ದ್ರೋಹ ಅನಿಸಿರಬೇಕು. ನಾನು ಅವನ ಮುಖ ಒರೆಸುವಾಗ ಅವನು ಕನ್ನಡಿಯೊಳಗಿನ ಆಕೆಗೆ ಹೇಳಿದ:

“ತಂಗೀ, ಸಿಟ್ಟ ಮಾಡಬ್ಯಾಡ. ನಂದೊಂದ ಮಾತ ಕೇಳು. ನಮ್ಮದು ಒಂದ ಖೋಲಿ. ಅವ್ವ, ತಂಗಿ, ಹೇಣ್ತಿ, ಹುಡುಗ್ರು. ನನಗ ಅಲ್ಲಿ ಕಾಲ ಚಾಚಾಕ ಜಾಗಾ ಇಲ್ಲ, ಬಾಯಿ ತಗ್ಯಾಕ ಜಾಗಾ ಇಲ್ಲ. ಗಣ್ಯಾಗ ಬೈಸ್ಕೋತೀನಿ, ಮನ್ಯಾಗ ಬೈಸ್ಕೋತೀನಿ. ವಾರಕ್ಕೊಮ್ಮಿ ಇಲ್ಲಿ ಬಂದು ಸುಮ್ಮ ಕುಂದರ್ತೀನಿ. ಇದೊಂದ ಜಾಗಾ. ನೀವೂ ಇಲ್ಲಿ ಬಂದು ಕುಂತ್ರ ನಾವು ಎಲ್ಲಿಗೆ ಹೋಗೂಣು?”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ತಮ್ಮ ಟಿಪ್ಪರಿನಡಿ ಸಿಕ್ಕು ಸತ್ತ ವಾರ ಬಾಲಪ್ಪ ಇದೇ ಕುರ್ಚಿಯಲ್ಲಿ ಕೂತು, ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಬೆಂಚು ಪೇಪರಿನೊಳಗೆ ಮುಖ ಹುದುಗಿಸಿ ಕೂತಿರುವಾಗ ಅತ್ತಿದ್ದ. ನೊರೆಯ ಮೇಲೆ ಕಣ್ಣೀರಿನ ಗೆರೆಗಳು ಇಳಿದವು. ನಾನು ಮತ್ತೆ ನೊರೆ ಹಚ್ಚಿದೆ, ಮತ್ತೆ ಇಳಿದವು. ಅವನ ಮನೆಯಲ್ಲಿ ಯಾರಿಗೂ ಅದು ಗೊತ್ತಿಲ್ಲ. ಗೊತ್ತಾಗುವುದು ಅವನಿಗೆ ಬೇಕೂ ಇರಲಿಲ್ಲ.

ಸುಂದರವ್ವ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದಳು.

“ನಿನ್ನ ಜಾಗಾ ನಿನಗ ಇರವಲ್ತ್ಯಾಕ ಯಣ್ಣಾ. ನೀ ಇಲ್ಲಿ ಕುಂತಿರೂ ಹೊತ್ತಿನಾಗ ನಿನ್ನ ಹೇಣ್ತಿ ಅಲ್ಲಿ ಒಂದೀಟ ಕಾಲ ಚಾಚ್ತಾಳ, ಅದೂ ಚಲೋನ. ನಾ ಇಲ್ಲಿ ದಿನಾ ಬಂದು ಹರಟಿ ಹೊಡ್ಯಾಕ ಬಂದಿಲ್ಲ. ಕೂದ್ಲಾ ಕತ್ತರಸಾಕ ಬಂದೇನಿ. ಇದು ಕೂದ್ಲಾ ಕತ್ತರಸೂ ಅಂಗಡಿ ಅಲ್ಲನು?”

ಬಾಲಪ್ಪ ಕುರ್ಚಿಯಿಂದ ಇಳಿದ. ಹೋಗಬಹುದಿತ್ತು. ಅವನೂ ಹೋಗಲಿಲ್ಲ. ಬೆಂಚಿನ ಆ ತುದಿಗೆ ಹೋಗಿ ಕೂತ, ಮತ್ತೆ ಎದ್ದ, ಕುಡಿಯುವ ನೀರಿನ ಗಡಿಗೆಯ ಹತ್ತಿರ ಹೋದ, ಕುಡಿಯದೆ ಬಂದು ಕೂತ.

ಆಗ ಬಂದ ಗಂಗಪ್ಪ. ರವಿವಾರದ ಅಂಗಿ, ಕಣ್ಣಲ್ಲಿ ಇನ್ನೂ ನಿದ್ದೆ, ಎಂಟು ದಿನದ ಗಡ್ಡ. ಮಳೆಗಾಲದಲ್ಲಿ ಬಿದ್ದ ಜ್ವರ ಅವನನ್ನು ಅರ್ಧ ತಿಂದು ಬಿಟ್ಟಿತ್ತು. ಅಂಗಿಯೊಳಗೆ ಇನ್ನೊಬ್ಬ ಗಂಗಪ್ಪ ಹಿಡಿಸುವಷ್ಟು ಜಾಗ ಇತ್ತು. ಕಣ್ಣು ಉಜ್ಜಿಕೊಳ್ಳುತ್ತ ಒಳಗೆ ಕಾಲಿಟ್ಟು, ಎಲ್ಲರೂ ಕೇಳುವಂತೆ ಕೇಳಿದ:

“ಕಡೀಗೆ ಯಾರ ಪಾಳಿ?”

ಬಾಲಪ್ಪ ನೆಲ ನೋಡಿದ.

“ಯಾಕೋ? ಯಾರ ಪಾಳಿ ಅಂದೆ.”

“ನಂದು” ಎಂದಳು ಸುಂದರವ್ವ.

ಗಂಗಪ್ಪನ ನಿದ್ದೆ ಇಳಿದು ಹೋದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. “ಇಲ್ಲೇನ ಮಾಡಾಕತ್ತೀಯ? ಏಳು. ಮನಿಗೆ ನಡಿ.”

“ನಿನಗ ಎಂಟ ದಿನದಿಂದ ಹೇಳಾಕತ್ತೇನಿ. ಹೂಂ ಅನ್ನವಲ್ಲಿ, ಹೂಂಹೂಂ ಅನ್ನವಲ್ಲಿ. ನಾ ಬಂದ್ನಿ.”

“ಗಂಗಪ್ಪಾ, ನೀನ ಹೇಳಪಾ” ಎಂದ ಲಕ್ಷ್ಮಪ್ಪ. “ನೀ ಜೀವಂತ ಇರಾಕನ ಆಕಿ ತಲಿಗೆ ಕತ್ತರಿ ಹಾಕ್ಸಿದ್ರ, ನಾಳಿ ನಿನಗೇನಾರ ಆದ್ರ ಮಂದಿ ಏನಂತಾರ? ಕಂಠೆಪ್ಪನ ಕತ್ತರಿನ ನುಂಗಿತು ಅಂತಾರ. ಈ ಅಂಗಡಿ ಕಟ್ಟಿ ಯಾರ ಹತ್ತತಾರ ಆಮ್ಯಾಲ? ನಾವೆಲ್ಲಾ ಬಸ್‌ಸ್ಟ್ಯಾಂಡ್ ಕಡೆ ಆ ಹೊಸಾ ಅಂಗಡಿಗೆ ಹೋಗೂ ಹಂಗ ಆಗತೈತಿ.”

ನನಗೆ ಹೇಳಬೇಕಾದ್ದನ್ನು ಅವನು ಗಂಗಪ್ಪನಿಗೆ ಹೇಳಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಎರಡು ಕುರ್ಚಿಯ ಅಂಗಡಿ ಬಿದ್ದಿದ್ದು, ಅಲ್ಲಿ ಟೇಪ್‌ರಿಕಾರ್ಡರ್ ಹಾಡುತ್ತಿದ್ದುದು ನನಗೆ ಗೊತ್ತಿಲ್ಲದ್ದಲ್ಲ. ಇವರೆಲ್ಲ ಎದ್ದು ಹೋದರೆ ನನ್ನ ಬೆಂಚಿನಲ್ಲಿ ಉಳಿಯುವುದು ಪೇಪರೊಂದೇ.

ಗಂಗಪ್ಪ ಗಡ್ಡ ಕೆರೆದುಕೊಂಡ. “ನಾ ಸತ್ತ ಮ್ಯಾಲ ಏನಾರ ಮಾಡ್ಕೋ” ಎಂದ. ಒರಟಾಗಿ ಹೇಳಲು ಹೋದ. ಅದು ಹೆದರಿದವನ ದನಿಯಲ್ಲಿ ಬಂತು.

“ಅಲ್ಲೀತನಾ ಕಾಯಾಕ ತಲಿ ಒಪ್ಪವಲ್ತು” ಎಂದಳು ಸುಂದರವ್ವ. ಆಮೇಲೆ ದನಿ ಇಳಿಸಿದಳು. “ಮಳಿಗಾಲದಾಗ ನಿನಗ ಜ್ವರಾ ಬಂತಲ್ಲ? ಆವಾಗ ನನ್ನ ಕೂದ್ಲಾ ಮಣಕಾಲತನಾ ಇತ್ತಲ್ಲ? ಎಣ್ಣಿ ಹಚ್ಚಿ ಹೂವ ಮುಡದಿದ್ನೆಲ್ಲ? ಮತ್ತ ಯಾಕ ಬಂತು ಜ್ವರಾ?”

ಮಕ್ತುಮಸಾಬ, ಅಷ್ಟರಲ್ಲಿ ಕುರ್ಚಿ ಹತ್ತಿ ಕೂತಿದ್ದವನು, “ಸೊಳ್ಳಿಯಿಂದ ಬರತೈತಿ ಅದು” ಎಂದು ತನ್ನಷ್ಟಕ್ಕೆ ಹೇಳಿದ.

ಮಕ್ತುಮಸಾಬನ ದಾಡಿಯನ್ನು ನಾನು ಅಷ್ಟು ನಿಧಾನ ಎಂದೂ ಮಾಡಿರಲಿಲ್ಲ. ಅವನ ಮುಖದಲ್ಲಿ ಇರುವುದೇ ಒಂದು ಹಿಡಿ ಕೂದಲು. ಒಮ್ಮೆ ಇಳಿಸಿದೆ, ನೊರೆ ಹಚ್ಚಿದೆ, ಮತ್ತೆ ಇಳಿಸಿದೆ. ಮೀಸೆ ತಿದ್ದಿದೆ. ಮೂಗಿನ ಕೂದಲು ನೋಡಿದೆ.

“ತೊಗಲಾರ ಬಿಡೋ ಕಂಠೆಪ್ಪಾ. ನಾ ಎಷ್ಟೊತ್ತು ಇಲ್ಲಿ ಕುಂತ್ರೂ ನನ್ನ ಹಿಂದ ಪಾಳಿ ಇರೂದ ಇರತೈತಿ” ಎಂದ ಮುದುಕ.

ಅವನನ್ನು ಇಳಿಸಿದೆ. ಕುರ್ಚಿ ಖಾಲಿಯಾಯಿತು. ಸುಂದರವ್ವ ಎದ್ದು ನಿಂತಳು. ನನ್ನ ಬಲಗೈಯಲ್ಲಿ ಕತ್ತರಿ ಇತ್ತು. ಯಾವಾಗ ತೆಗೆದುಕೊಂಡೆನೋ ಗೊತ್ತಿಲ್ಲ. ಅದು ಗಾಳಿಯನ್ನು ಕತ್ತರಿಸುತ್ತಿತ್ತು, ಚಿಕ್ ಚಿಕ್ ಚಿಕ್, ನಿಲ್ಲಿಸಲು ನೋಡಿದರೂ ನಿಲ್ಲಲಿಲ್ಲ.

ಎಲ್ಲರಿಗೂ ಒಪ್ಪುವ ದಾರಿ ಇದು ಅಂದುಕೊಂಡು ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, “ತಂಗೀ, ನಾ ಕತ್ತರಸೂದಿಲ್ಲ ಅನ್ನೂದಿಲ್ಲ. ಇಲ್ಲಿ ಬ್ಯಾಡ. ಸಂಜೀಮುಂದ ನಾನ ನಿಮ್ಮ ಮನಿ ಹಿತ್ತಲಕ್ಕ ಬರ್ತೀನಿ. ಬಚ್ಚಲ ಕಡೆ ಕುಂದ್ರು. ಯಾರಿಗೂ ಗೊತ್ತಾಗೂದಿಲ್ಲ.”

“ಹಾಂ, ಇದು ಚಲೋ” ಎಂದ ಲಕ್ಷ್ಮಪ್ಪ. ಬಾಲಪ್ಪನೂ ತಲೆ ಆಡಿಸಿದ. ಗಂಗಪ್ಪ ದೊಡ್ಡದೊಂದು ಉಸಿರು ಬಿಟ್ಟ. ಎಲ್ಲರ ಭುಜ ಒಂದೊಂದು ಬೆರಳು ಕೆಳಗಿಳಿದಂತಾಯಿತು.

ಸುಂದರವ್ವನ ಮುಖ ಮಾತ್ರ ಸುಟ್ಟಂತಾಯಿತು.

“ಹಿತ್ತಲಕ್ಕ?” ಎಂದಳು. “ಕಂಠೆಪ್ಪಣ್ಣಾ, ಹಿತ್ತಲದಾಗ ಬಚ್ಚಲ ಕಲ್ಲಿನ ಮ್ಯಾಲ ಯಾರನ್ನ ಕುಂದರಿಸ್ತಿದ್ರು? ನಾ ಸಣ್ಣಾಕಿದ್ದಾಗ ನಮ್ಮೂರ ಕುಲಕರ್ಣ್ಯಾರ ಹಿತ್ತಲದಾಗ ನೋಡೇನಿ. ಬೇಲಿ ಸಂದ್ಯಾಗಿಂದ ನೋಡೇನಿ. ಆ ಕೂಸು ನನಕಿಂತ ಸ್ವಲ್ಪ ದೊಡ್ಡಾಕಿ. ಒದರಬಾರದಂತ ಬಾಯಾಗ ಸೆರಗ ತುರಕಿದ್ರು.” ಆಕೆ ಹಣೆಯ ಕುಂಕುಮವನ್ನು ಬೆರಳಿಂದ ತೋರಿಸಿದಳು. “ನಮ್ಮಾಂವ ಇಲ್ಲೇ ನಿಂತಾನ. ಗಡ್ಡಾ ಕೆರಕೋತ ನಿಂತಾನ. ನಾ ಹಿತ್ತಲದಾಗ ಯಾಕ ಕುಂದರ್ಲಿ? ಕದ್ದು ಮುಚ್ಚಿ ಯಾಕ ಕುಂದರ್ಲಿ? ಹಂಗ ಕತ್ತರಿಸಿದ್ರ ಖರೇನ ಅಪಶಕುನ. ಕುರ್ಚಿ ಮ್ಯಾಲ ಕುಂದರ್ಸು. ನಾಕ ಮಂದಿ ಮುಂದ, ಬಿಸಲಾಗ, ಕನ್ನಡಿ ಮುಂದ. ಇವರಿಗೆಲ್ಲಾ ಹೆಂಗ ಕತ್ತರಸ್ತಿ, ಹಂಗ.”

ಕತ್ತರಿ ನಿಂತಿತು.

ಅಪ್ಪ ಹಿತ್ತಲ ಬಾಗಿಲಿಂದ ತಲೆ ತಗ್ಗಿಸಿ ಬರುತ್ತಿದ್ದುದು ಕಣ್ಣಿಗೆ ಕಟ್ಟಿತು. ಹೆಣ್ಣಿನ ತಲೆಗೆ ಮುಟ್ಟಿಸಬೇಡ ಅಂದವನು, ಹಿತ್ತಲ ಬಾಗಿಲಿಗೆ ಹೋಗಬೇಡ ಅಂತ ಹೇಳಲು ಹೋಗಿ ಹಾಗೆ ಹೇಳಿದನೋ ಏನೋ. ಯಾವ ಕುರ್ಚಿಯ ಮೇಲೂ ಅವನು ಒಬ್ಬ ಹೆಂಗಸು ಕೂತದ್ದನ್ನು ಕಂಡವನಲ್ಲ. ಆ ಹಿತ್ತಲ ಕೆಲಸಕ್ಕೆ ನಾನೇ ಬಾಯಾರೆ ಒಪ್ಪಿ ಹೊರಟಿದ್ದೆ, ಅದೂ ಉಪಕಾರ ಮಾಡುತ್ತೇನೆಂದು.

“ಇದು ಹಕ್ಕಲ್ಲವ್ವಾ, ಹಟ” ಎಂದ ಲಕ್ಷ್ಮಪ್ಪ.

“ಸಭಾದಾಗ ನೀವ ಹೇಳಿದ್ರಂತಲ್ರೀ ಲಕ್ಷ್ಮಪ್ಪಣ್ಣಾ, ಹೆಣ್ಣಮಕ್ಕಳಿಗೆ ಯಾವ ಬಾಗಲಾ ಮುಚ್ಚಬಾರದು ಅಂತ? ನಮ್ಮ ಓಣಿ ಹನುಮವ್ವ ಕೇಳಿ ಬಂದು ಹೇಳಿದ್ಲು. ಚಪ್ಪಾಳಿ ಹೊಡದ್ರಂತ.”

“ಅದು... ಆ ಬಾಗಲಾ ಬ್ಯಾರೆ.”

“ಎಲ್ಲೈತ್ರಿ ಆ ಬಾಗಲಾ? ಅಲ್ಲಿಗಾರ ಹೋಗ್ತೀನಿ.”

ಲಕ್ಷ್ಮಪ್ಪ ಬಾಯಿ ತೆರೆದ. ಹೊರಗೆ ಟ್ರಕ್ಕು ಹೋಯಿತು. ಸದ್ದು ಮುಗಿಯುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗಿನ ಕಟ್ಟೆಗೆ ಹೋಗಿ ನಿಂತ, ಅಂಗಡಿಗೆ ಬೆನ್ನು ಮಾಡಿ. ಬಸ್‌ಸ್ಟ್ಯಾಂಡಿನ ಕಡೆಗೆ ಮಾತ್ರ ಹೋಗಲಿಲ್ಲ.

ನಾನು ಬಟ್ಟೆ ಝಾಡಿಸಿದೆ. “ಪಾಳಿ ಅಂದ್ರ ಪಾಳಿ” ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. “ಬಾರವ್ವಾ. ಕುಂದ್ರು.”

ಆಕೆ ಕೂತಳು. ಸೆರಗು ಸರಿಸಿ ತುರುಬು ಬಿಚ್ಚಿದಳು. ಮಕ್ತುಮಸಾಬ ಪೇಪರ್ ಎತ್ತಿ ಮುಖಕ್ಕೆ ಹಿಡಿದ. ಬಾಲಪ್ಪ ಫ್ಯಾನು ನೋಡಿದ. ಗಂಗಪ್ಪ ಎಲ್ಲಿ ನೋಡಬೇಕೋ ತಿಳಿಯದೆ ತನ್ನ ಕೈಯನ್ನೇ ನೋಡಿಕೊಂಡ. ಕೂದಲು ಕುರ್ಚಿಯ ಹಿಂದೆ ನೆಲದವರೆಗೆ ಇಳಿಯಿತು. ಕಪ್ಪು ಅಂತ ಹೇಳುವ ಹಾಗಿರಲಿಲ್ಲ, ತುಕ್ಕಿನ ಬಣ್ಣ. ಔಷಧದ ವಾಸನೆ, ಬೆವರಿನ ವಾಸನೆ, ಕಬ್ಬಿಣದ ವಾಸನೆ. ಬೇರಿನ ಹತ್ತಿರ ಎತ್ತಿ ನೋಡಿದೆ. ಹುಣ್ಣುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇದನ್ನು ಹೊತ್ತು ಅದರ ಮೇಲೆ ಬುಟ್ಟಿ ಹೊತ್ತಿದ್ದಾಳೆ.

“ಎಷ್ಟ ಬಿಡ್ಲಿ?”

“ಬಾಲಪ್ಪಣ್ಣಂದು ಎಷ್ಟೈತಿ, ಅಷ್ಟ.”

ಮೊದಲ ಕತ್ತರಿಗೆ ಕೂದಲು ಹಗ್ಗದಂತೆ ಕರಕರ ಅಂದಿತು. ಒಳಗಿನ ಮಣ್ಣಿಗೆ ಕತ್ತರಿಯ ಬಾಯಿ ಮೊಂಡಾಯಿತು. ಮಧ್ಯ ನಿಲ್ಲಿಸಿ ಕಲ್ಲಿಗೆ ತಿಕ್ಕಿದೆ. ನೀರು ಹಾಕಿದರೆ ಕೆಂಪು ನೀರು ಕುತ್ತಿಗೆಗೆ ಇಳಿಯಿತು, ಒರೆಸಿದೆ, ಮತ್ತೆ ಇಳಿಯಿತು. ಆಕೆ ಕನ್ನಡಿಯೊಳಗೆ ಕಣ್ಣು ನೆಟ್ಟು ಕೂತಿದ್ದಳು. ಒಮ್ಮೆ ಮಾತ್ರ ಕಣ್ಣು ಮುಚ್ಚಿದಳು.

“ನೋವಾತೇನು?”

“ಇಲ್ಲ. ಗಾಳಿ ಹತ್ತಾಕತ್ತೈತಿ.”

ಬೆಂಚಿಗೆ ಒಂದು ಚಟ ಇತ್ತು. ಕುರ್ಚಿಯಲ್ಲಿ ಯಾರೇ ಕೂತಿರಲಿ, ಕಟಿಂಗಿಗೆ ಸಲಹೆ ಕೊಡದೆ ಅದಕ್ಕೆ ತಡೆಯುತ್ತಿರಲಿಲ್ಲ. ಫ್ಯಾನು ನೋಡುತ್ತಿದ್ದ ಬಾಲಪ್ಪನ ಕಣ್ಣು ಮೆಲ್ಲಗೆ ಇಳಿದದ್ದು ನನಗೆ ಕನ್ನಡಿಯಲ್ಲಿ ಕಂಡಿತು. ಕೂತಲ್ಲೇ ಸ್ವಲ್ಪ ಮುಂದಕ್ಕೆ ಬಾಗಿದ. ತುಟಿ ಕಚ್ಚಿಕೊಂಡ. ಕಡೆಗೆ ಬಿಟ್ಟೇಬಿಟ್ಟ:

“ಎಡಗಡೆ ಜರಾ ಉದ್ದ ಉಳೀತು ನೋಡು.”

“ಎಲ್ಲಿ ಉಳೀತು? ತಲಿ ಹೊಳ್ಳಿಸ್ಯಾಳ ಆಕಿ” ಎಂದ ಮಕ್ತುಮಸಾಬ, ಪೇಪರಿನ ಅಂಚಿನಿಂದ. “ಹಿಂದ ಒಂಚೂರು ಇಳಿಸು. ಮಷೀನ ಹಾಕಿಬಿಡು.”

“ಮಷೀನ ಬ್ಯಾಡ, ಹುಣ್ಣ ಅದಾವು” ಎಂದ ಗಂಗಪ್ಪ.

ಅವನು ಮಾತಾಡಿದ್ದು ನಮ್ಮೆಲ್ಲರಿಗಷ್ಟೇ ಅಲ್ಲ, ಅವನಿಗೂ ಗಾಬರಿ ತಂದಿತು. ತಕ್ಷಣ ಬಾಗಿಲ ಕಡೆ ತಿರುಗಿ ನಿಂತ. ಸುಂದರವ್ವ ಕನ್ನಡಿಯಲ್ಲಿ ಅವನ ಬೆನ್ನನ್ನು ನೋಡಿದಳು.

ಕತ್ತರಿ ಮುಗಿಸಿ, ಹುಣ್ಣಿನ ಸುತ್ತ ತುದಿಗತ್ತರಿಯಿಂದ ಒಂದೊಂದೇ ಎಳೆ ತೆಗೆದು, ಕುತ್ತಿಗೆಗೆ ಪೌಡರ್ ಹಾಕಿ ಬ್ರಷ್ ಆಡಿಸಿದೆ. ಎಲ್ಲರಿಗೂ ಮಾಡುವಂತೆ ಸಣ್ಣ ಕನ್ನಡಿ ಹಿಂದೆ ಹಿಡಿದು ತೋರಿಸಿದೆ. ಆಕೆ ಅಂಗೈಯಿಂದ ತಲೆ ಸವರಿಕೊಂಡಳು, ಹಿಂದಿನಿಂದ ಮುಂದಕ್ಕೆ. ಕುಂಕುಮ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಕೆಳಗೆ ಬಿದ್ದ ಕೂದಲನ್ನು ನಾನು ಬೇರೆ ಕಾಗದದಲ್ಲಿ ಸುತ್ತಿಕೊಡಲೇ ಅಂತ ಯೋಚಿಸುವಷ್ಟರಲ್ಲಿ ಮಕ್ತುಮಸಾಬ ಕಸಬರಿಗೆ ತೆಗೆದುಕೊಂಡು ಅದನ್ನೂ ತನ್ನ ಹಿಡಿ ದಾಡಿಯನ್ನೂ ಒಂದೇ ಮೂಲೆಗೆ ಗುಡಿಸಿದ.

“ಏಳವ್ವಾ. ಆತು” ಎಂದೆ.

ಎದ್ದಳು. ಸೆರಗನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಮನೆಗೆ ಹೋಗುತ್ತಾಳೆ ಅಂದುಕೊಂಡೆವು. ಹೋಗದೆ ಬೆಂಚಿನ ಅದೇ ತುದಿಗೆ ಹೋಗಿ ಕೂತಳು.

“ನಡಿ ಹೋಗೂಣು” ಎಂದ ಗಂಗಪ್ಪ, ರಸ್ತೆ ನೋಡುತ್ತ.

“ನಿಂದ ದಾಡಿ ಆಗ್ಲಿ. ಕೂಡೇ ಹೋಗೂಣು.”

“ನಾಳಿ ಮಾಡಿಸ್ಕೊಂಡ್ರಾತು.”

“ನಾಳಿ ಅಂಗಡಿ ಬಂದ್. ಸೋಮಾರ.”

ಅವನು ಕುರ್ಚಿ ನೋಡಿದ. ಒರೆಸಿದ್ದರೂ ಒರಗುವ ದಿಂಬಿನ ಮೇಲೆ ಕೆಂಪು ನೀರಿನ ಒಂದು ಕಲೆ ಉಳಿದಿತ್ತು. ಹೆಂಡತಿ ಎದ್ದ ಕುರ್ಚಿ, ಆಕೆಯ ಕೂದಲು ಬಿದ್ದ ಕುರ್ಚಿ. ನಾನು ಬಟ್ಟೆ ಹಿಡಿದು ನಿಂತೆ. ಬಾಲಪ್ಪ ಹೆಬ್ಬೆರಳಿನಿಂದ ಬೆಂಚು ಕುಟ್ಟುತ್ತಿದ್ದ. ಕಟ್ಟೆಯ ಮೇಲಿದ್ದ ಲಕ್ಷ್ಮಪ್ಪ ಅರ್ಧ ತಿರುಗಿ ಒಳಗೆ ನೋಡುತ್ತಿದ್ದ. ಗಂಗಪ್ಪನ ಕಾಲು ಹೊಸ್ತಿಲ ಮೇಲೊಂದು, ಒಳಗೊಂದು. ನೀರಿನ ಗಡಿಗೆಯವರೆಗೆ ಹೋದ, ಲೋಟ ಮುಳುಗಿಸಿದ, ಕುಡಿದ, ಮತ್ತೆ ಮುಳುಗಿಸಿದ.

“ಹೆದರಿಕ್ಯೇನು?” ಎಂದಳು ಸುಂದರವ್ವ, ಅವನಿಗೆ ಮಾತ್ರ ಕೇಳುವಂತೆ. ಅಂಗಡಿ ಸಣ್ಣದು, ಎಲ್ಲರಿಗೂ ಕೇಳಿತು.

“ಹೆದರಿಕಿ ಏನೂ ಇಲ್ಲ” ಎಂದ ಅವನು. ನಿಂತಲ್ಲೇ ನಿಂತ.

ಹೊರಗೆ ಟ್ರಕ್ಕೊಂದು ಬ್ರೇಕು ಹಾಕಿ ನಿಂತಿತು. ಕೆಂಪು ಧೂಳಿನ ಜೊತೆಗೇ ಅದರ ಡ್ರೈವರು ಒಳಗೆ ಬಂದ, ಸಾಂಖಳಿ ಕಡೆಯ ಹೊಸ ಮನುಷ್ಯ. ನಮ್ಮ ಬೆಂಚನ್ನಾಗಲಿ, ನಮ್ಮ ಕಾಯಿದೆಯನ್ನಾಗಲಿ ತಿಳಿಯದವನು. ಯಾರನ್ನೂ ಏನೂ ಕೇಳದೆ, ಖಾಲಿ ಕುರ್ಚಿ ಕಂಡು, ಕೊರಳ ಗುಂಡಿ ಬಿಚ್ಚುತ್ತ ಸೀದಾ ಅದರ ಕಡೆ ನಡೆದ. ಗಂಗಪ್ಪ ಲೋಟವನ್ನು ಗಡಿಗೆಯೊಳಗೇ ಬಿಟ್ಟು, ಡ್ರೈವರಿನ ಮೊಣಕೈಯಡಿ ನುಸುಳಿ, ದಡಕ್ಕನೆ ಕುರ್ಚಿಯಲ್ಲಿ ಕೂತ.